ದಂಡಿನ ಗಿಳಿಗಳು

ಅರ್ಥ ತಿಳಿಯದೆ ಒಪ್ಪಿಸುವ ಪಾಠಕ್ಕೆ ಗಿಣಿಪಾಠವೆಂದು ಹೆಸರು. ಪರೀಕ್ಷೆ ಹತ್ತಿರ ಬಂದಂತೆಲ್ಲ ಅಧ್ಯಾಪಕರ ಬಾಯಲ್ಲಿ ಈ ಮಾತು ಹೆಚ್ಚಾಗಿ ಕೇಳಿಬರುವುದು; ಕೇಳಿ ತಲೆ ತಗ್ಗಿಸುವವರು ನಾವೇ. ಆದರೆ ಗಿಳಿಯ ವಿಷಯವಾಗಿ ನಾವು ಬಲ್ಲದ್ದೂ ಬಹುಮಟ್ಟಿಗೆ ಗಿಣಿಪಾಠವೇ ಅಲ್ಲವೆ? ಮೈ ಹಸಿರು, ಕೊಕ್ಕು ಕೆಂಪು, ಹಣ್ಣು ತಿನ್ನುವುದು, ಮಾತು ಕಲಿಯುವುದು. ಪ್ರಾಥಮಿಕ ಶಾಲೆಯಲ್ಲಿ ಕಲಿತ ಈ ನಾಲ್ಕು ಸಂಗತಿಗಳನ್ನು ದಾಟಿ ಐದನೆಯದನ್ನು ಕೇಳಿದರೆ ಉತ್ತರ ಹೊರಡುವುದಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ, ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆಯಲ್ಲಿಯೂ ಬೆಳಿಗ್ಗೆ ಸಂಜೆ ನಮ್ಮ ತಲೆಯ ಮೇಲೆಯೇ ಕಿರುಚಿಕೊಂಡು ಹಾರುವ ಈ ಹಕ್ಕಿ ಹೇಗೆ ಬಾಳುತ್ತದೆ, ಮುಖ್ಯವಾಗಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ದಂಡು ಎಂಬುದು ಸೈನ್ಯಕ್ಕೆ ಸಲ್ಲುವ ಮಾತು, ಗುಂಪಿಗೂ ಸಲ್ಲುವ ಮಾತು. ರೈಲ್ವೆ ನಿಲ್ದಾಣದ ಹಲಗೆಯ ಮೇಲೆ ಬರೆದಿರುವ 'ಬೆಂಗಳೂರು ದಂಡು' ಮೊದಲನೆಯ ಅರ್ಥದ್ದು. ಸಂಜೆ ಐದೂವರೆಯ ಹೊತ್ತಿಗೆ ಅದರ ಮೇಲೆ ಹಾದುಹೋಗುವುದು ಎರಡನೆಯದು. ಇಲ್ಲಿನ ಜನದಂತೆ ಇಲ್ಲಿನ ಗಿಳಿಗೂ ಭಾಷೆ ಒಂದಲ್ಲ. ಕನ್ನಡದವರಿಗೆ ಅದು ಗಿಣಿ, ಗಿಳಿ, ಅರಗಿಳಿ. ಪ್ರೀತಿ ಉಕ್ಕಿದಾಗ ಗಿಣಿರಾಮ. ಶಿವಾಜಿನಗರದ ಉರ್ದು ಮನೆಗಳಲ್ಲಿ ತೋತಾ, ಸಾಕಿದ್ದಾದರೆ ಮಿಠ್ಠೂ. ಹಲಸೂರಿನ ತಮಿಳರಿಗೆ ಕಿಳಿ, ತೆಲುಗರಿಗೆ ಚಿಲುಕ. ನಾವು ಉಪ್ಪು ಖಾರ ಸವರಿ ತಿನ್ನುವ ಗಿಣಿಮೂತಿ ಮಾವಿಗೆ ಈ ಹಕ್ಕಿಯ ಕೊಕ್ಕಿನಿಂದಲೇ ಆ ಹೆಸರು ಬಂದಿದೆ. ಅದನ್ನೇ ತೋತಾಪುರಿ ಎನ್ನುವರು. ಹೊರಗಿನ ಕೆಲವು ಮಾರುಕಟ್ಟೆಗಳಲ್ಲಿ ಅದೇ ಹಣ್ಣಿಗೆ 'ಬೆಂಗಳೂರಾ' ಎಂದು ಹೆಸರು. ಗಿಳಿಯನ್ನೂ ಬೆಂಗಳೂರನ್ನೂ ಒಂದೇ ಕಾಯಿಯಲ್ಲಿ ಕೂಡಿಸಿದ ಆ ವ್ಯಾಪಾರಿ ಯಾರೋ ರಸಿಕನಿರಬೇಕು.

ವಿಜ್ಞಾನಿಗಳು ಇದನ್ನು ಸಿಟ್ಟಾಕುಲಾ ಕ್ರಾಮೆರಿ ಎಂದು ಕರೆಯುವರು. ಸ್ಕೋಪೋಲಿ ಎಂಬ ವಿದ್ವಾಂಸನು ೧೭೬೯ರಲ್ಲಿ ಕ್ರಾಮರ್ ಎಂಬ ಆಸ್ಟ್ರಿಯದ ನಿಸರ್ಗಶಾಸ್ತ್ರಜ್ಞನ ನೆನಪಿಗಾಗಿ ಇಟ್ಟ ಹೆಸರದು. ಗಿಳಿಗಳಲ್ಲಿ ಇಷ್ಟು ವಿಸ್ತಾರವಾದ ತವರುಳ್ಳ ಜಾತಿಗಳು ವಿರಳ: ಪಶ್ಚಿಮದಲ್ಲಿ ಆಫ್ರಿಕದ ಸೆನೆಗಾಲ್‌ನಿಂದ ಮೊದಲ್ಗೊಂಡು ಇಥಿಯೋಪಿಯದವರೆಗೆ ಒಂದು ಪಟ್ಟಿ, ಈ ಕಡೆ ಪಾಕಿಸ್ತಾನ, ಭಾರತ, ಸಿಂಹಳ, ಬರ್ಮ. ಈ ಜಾತಿಯಲ್ಲಿ ನಾಲ್ಕು ಉಪಜಾತಿಗಳನ್ನು ಗುರುತಿಸಿದ್ದಾರೆ. ಉತ್ತರ ಹಿಂದೂಸ್ಥಾನದ ಗಿಳಿಗೆ ಕೆಳಗೊಕ್ಕೂ ಬಹುತೇಕ ಕೆಂಪು. ನಮ್ಮ ದಕ್ಷಿಣದ್ದಕ್ಕೆ ಮೇಲ್ಗೊಕ್ಕು ಕೆಂಪಾಗಿ ಕೆಳಗೊಕ್ಕು ಕಪ್ಪಾಗಿರುವುದು. ನಮ್ಮ ಉಪಜಾತಿಗೆ 'ಮನಿಲೆನ್ಸಿಸ್' ಎಂಬ ಹೆಸರು ಅಂಟಿಕೊಂಡಿದೆಯಾದರೂ ಮನಿಲಾ ಪಟ್ಟಣವಾಗಲಿ ಫಿಲಿಪೀನ್ಸ್ ದ್ವೀಪಗಳಾಗಲಿ ಅದರ ತವರಲ್ಲ. ಶಾಸ್ತ್ರೀಯ ನಾಮಗಳೂ ಕೆಲವೊಮ್ಮೆ ಹೀಗೆ ತಪ್ಪು ವಿಳಾಸ ಹೊತ್ತುಕೊಂಡು ಶತಮಾನಗಳ ಕಾಲ ಬಾಳುವುದುಂಟು.

ಕೊಕ್ಕಿನಿಂದ ಬಾಲದ ತುದಿಯವರೆಗೆ ಇದರ ಉದ್ದ ಸುಮಾರು ೧೬ ಅಂಗುಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಗಂಡಿನ ಗದ್ದದಿಂದ ಹೊರಟ ಕರಿಯ ಪಟ್ಟಿ ಕೆನ್ನೆಯ ಕೆಳಗೆ ಸಾಗಿ, ಕತ್ತಿನ ಹಿಂದೆ ಗುಲಾಬಿ ಬಣ್ಣದ ಉಂಗುರವನ್ನು ಕೂಡುವುದು. ಈ ಆಭರಣ ಹುಟ್ಟಿನಿಂದ ಬಂದುದಲ್ಲ, ಮೂರನೆಯ ವರ್ಷದ ಹೊತ್ತಿಗೆ ಮೂಡುವುದು. ಹೆಣ್ಣಿಗೆ ಅದಿಲ್ಲ. ಉಂಗುರವಿಲ್ಲದ ಗಿಳಿಯನ್ನು ಬೇರೆ ಜಾತಿಯೆಂದು ತಿಳಿಯುವವರು ಇದನ್ನು ಗಮನಿಸಬೇಕು. ನಮ್ಮ ರಾಜ್ಯದಲ್ಲಿ ಬೇರೆ ಜಾತಿಗಳೂ ಇಲ್ಲದಿಲ್ಲ: ಹೆಗಲಿನ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿ, ಮಾಗಿದ ನೇರಳೆಯ ಬಣ್ಣದ ತಲೆಯುಳ್ಳ ಚಿಕ್ಕ ಗಿಳಿ, ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ ನೀಲಿ ರೆಕ್ಕೆಯ ಗಿಳಿ, ಬಾವಲಿಯಂತೆ ತಲೆಕೆಳಗಾಗಿ ಜೋತುಬಿದ್ದು ನಿದ್ರಿಸುವ ಪುಟ್ಟ ಗಿಳಿ. ಆದರೆ ಪೇಟೆಯ ಗದ್ದಲಕ್ಕೆ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ಕೊರಳುಂಗುರದ ಗಿಳಿಯೊಂದೇ.

ಅದರ ಹಸಿರಿನ ವಿಚಾರ ಸ್ವಾರಸ್ಯವಾಗಿದೆ. ಗಿಳಿಯ ಗರಿಯಲ್ಲಿ ಹಸಿರು ಬಣ್ಣದ ದ್ರವ್ಯವೇ ಇಲ್ಲ! ಇರುವುದು ಹಳದಿ ದ್ರವ್ಯ ಮಾತ್ರ. ಅದನ್ನು ಗಿಳಿಗಳು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಬೇರೆ ಹಕ್ಕಿಗಳಲ್ಲಿ ಅದು ಕಾಣುವುದಿಲ್ಲ. ಗರಿಯ ಎಳೆಗಳೊಳಗೆ ಸ್ಪಂಜಿನಂಥ ಅತಿ ಸೂಕ್ಷ್ಮ ರಂಧ್ರಗಳ ರಚನೆಯಿದ್ದು, ಅದು ಬೆಳಕಿನ ನೀಲಿ ಭಾಗವನ್ನು ಮಾತ್ರ ನಮ್ಮ ಕಣ್ಣಿನ ಕಡೆಗೆ ಚೆದರಿಸುವುದು. ಆ ನೀಲಿ ಈ ಹಳದಿಯ ಮೂಲಕ ಹಾದುಬಂದು ಹಸಿರಾಗಿ ಕಾಣುವುದು. ಹುಟ್ಟಿನಿಂದಲೇ ಹಳದಿ ಕೊರತೆಯಾದ ಗಿಳಿಗಳು ಅಪರೂಪಕ್ಕೆ ಇರುವುವು. ಅವು ಶುದ್ಧ ಆಕಾಶನೀಲಿ. ಕೆಳಗೆ ಬಿದ್ದ ಗರಿಯೊಂದು ಸಿಕ್ಕಿದರೆ ಅದನ್ನು ಬೆಳಕಿಗೆ ಅಡ್ಡವಾಗಿ ಹಿಡಿದು ನೋಡಿರಿ. ಕಣ್ಣು ಕುಕ್ಕುತ್ತಿದ್ದ ಹಸಿರು ಮಂಕಾಗುವುದು.

ಕೊಕ್ಕಿನ ಮೇಲ್ಭಾಗ ತಲೆಬುರುಡೆಗೆ ಬಾಗಿಲ ಕೀಲಿನಂತೆ ಜೋಡಿಸಿಕೊಂಡು ಮೇಲೆ ಕೆಳಗೆ ಆಡುತ್ತದೆ. ಬೆರಳುಗಳು ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಕೊಂಬೆ ಹತ್ತುವಾಗ ಗಿಳಿ ಕೊಕ್ಕನ್ನು ಊರುಗೋಲಾಗಿ ಬಳಸುವುದನ್ನು ಎಲ್ಲರೂ ಕಂಡಿರುವರು. ಅದು ಬರಿಯ ಊರುಗೋಲಲ್ಲ, ಮೂರನೆಯ ಕಾಲೇ ಸರಿ, ಕಾಲಿನಷ್ಟೇ ಬಲದಿಂದ ಮೈಯನ್ನು ಎತ್ತುವುದು ಎಂದು ಇದರ ಬಂಧುಗಳಾದ ಪುಟ್ಟ ಗಿಳಿಗಳ ಮೇಲೆ ೨೦೨೨ರಲ್ಲಿ ನಡೆದ ಪ್ರಯೋಗಗಳು ತೋರಿಸಿದವು.

ಆಹಾರದ ಮಾತು. ಗಿಳಿಗೆ ಹಣ್ಣೆಂದರೆ ಪ್ರಾಣ ಎಂಬುದು ಅರ್ಧಸತ್ಯ. ಅದಕ್ಕೆ ಬೇಕಾದುದು ಹಣ್ಣಿಗಿಂತ ಹೆಚ್ಚಾಗಿ ಬೀಜ. ಪಿಕಳಾರ ಹಣ್ಣು ನುಂಗಿ ಬೀಜವನ್ನು ದೂರ ಒಯ್ದು ಬಿತ್ತುವುದು, ಗಿಳಿಯಾದರೋ ಬೀಜವನ್ನೇ ಒಡೆದು ತಿಂದು ವಂಶನಾಶ ಮಾಡುವುದು. ಹೊಂಗೆಯ ಕಾಯಿ ಬಲಿತ ಕಾಲದಲ್ಲಿ ಮರದ ಕೆಳಗೆ ನಿಂತರೆ ಅರ್ಧ ಕಡಿದ ಕಾಯಿಗಳು ಪಟಪಟನೆ ಉದುರುತ್ತಿರುತ್ತವೆ; ಒಂದನ್ನು ತಿನ್ನಲು ಐದನ್ನು ಕೆಡಿಸುವ ಸ್ವಭಾವ ಅದರದು. ಕೃಷ್ಣರಾಜಪುರದ ಸುತ್ತ ಹೊಲ ತೋಟಗಳಿದ್ದ ಕಾಲದಲ್ಲಿ ಸೀಬೆ, ಮುಸುಕಿನ ಜೋಳಗಳನ್ನು ಕಾಯುತ್ತಿದ್ದ ರೈತರು ಈ ಹಕ್ಕಿಯನ್ನು ಶುಕಮುನಿಯೆಂದು ಕೈಮುಗಿದಿರಲಾರರು. ಹೊಲಗಳು ಹೋಗಿ ಕಛೇರಿಗಳ ಗೋಪುರಗಳೆದ್ದ ಮೇಲೂ ಗಿಳಿಗೆ ಉಪವಾಸ ಬಂದಿಲ್ಲ. ಆಲ, ಅರಳಿ, ಅತ್ತಿ, ನೇರಳೆ, ಹುಣಿಸೆ, ಬೂರುಗದ ಹೂವಿನ ಮಕರಂದ, ಮಹಡಿಯ ಮೇಲೆ ಪುಣ್ಯಾತ್ಮರು ಹರಡಿದ ಕಾಳು – ಎಲ್ಲವೂ ನಡೆಯುವುದು. ಅನ್ನದ ವಿಷಯದಲ್ಲಿ ಅದು ಪೇಟೆಗೆ ಸೋತಿಲ್ಲ.

ಅದು ಸೋಲಬಹುದಾದ ಸ್ಥಳ ಬೇರೆ. ಕಾಗೆಯಂತೆ ಗಿಳಿ ಕಡ್ಡಿ ಆಯ್ದು ಗೂಡು ಕಟ್ಟಲಾರದು, ಗೀಜಗನಂತೆ ನೇಯಲಾರದು. ಅದಕ್ಕೆ ಪೊಟರೆಯೇ ಬೇಕು. ಅಷ್ಟು ಬಲವಾದ ಕೊಕ್ಕಿದ್ದರೂ ಗಟ್ಟಿಯಾದ ಹಸಿಮರದಲ್ಲಿ ಹೊಸ ಪೊಟರೆ ಕೊರೆಯುವುದು ಅದರ ಕಸುಬಲ್ಲ. ಇದ್ದುದನ್ನು ಕೊರೆದು ಹಿಗ್ಗಿಸಿಕೊಳ್ಳಬಲ್ಲದು, ಅಷ್ಟೆ. ಆದಕಾರಣ ಅದು ಇಬ್ಬರ ದಯೆಯಿಂದ ಬಾಳಬೇಕು. ಒಬ್ಬರು ಬಡಗಿಗಳು: ಮರಕುಟಿಗ, ಮತ್ತು ಬೇಸಿಗೆಯ ಹಗಲೆಲ್ಲ ಕುಟ್ರೂ ಕುಟ್ರೂ ಎಂದು ಕೂಗುವ ಕುಟ್ರುಹಕ್ಕಿ. ಇವು ಒಣಗಿದ ಕೊಂಬೆಯನ್ನು ಕೊರೆದು ಮರಿ ಮಾಡಿ ಬಿಟ್ಟುಹೋದ ಮನೆಯನ್ನು ಗಿಳಿ ಹಿಡಿಯುವುದು. ಬಿಡುವ ಮೊದಲೇ ಒಕ್ಕಲೆಬ್ಬಿಸುವುದೂ ಉಂಟು. ಎರಡನೆಯದು ಮರದ ಮುಪ್ಪು. ಗಾಳಿಗೆ ಕೊಂಬೆ ಮುರಿದು, ಗಾಯದೊಳಗೆ ಮಳೆನೀರು ಇಳಿದು, ಶಿಲೀಂಧ್ರ ಹತ್ತಿ ತಿರುಳು ಕೊಳೆತರೆ ಒಳಗೊಂದು ಕೋಣೆಯಾಗುವುದು. ಇದಕ್ಕೆ ವರ್ಷಗಳಲ್ಲ, ದಶಕಗಳೇ ಹಿಡಿಯುವುವು. ಸತ್ತುನಿಂತ ತೆಂಗಿನ ಬೊಡ್ಡೆ, ಹಳೆಯ ಗೋಡೆಯ ಸಂದು, ಗೋಪುರದ ಬಿರುಕುಗಳೂ ಗಿಳಿಗೆ ಒಗ್ಗುವುವು. ಆದರೆ ಅಲ್ಲೆಲ್ಲ ಪಾರಿವಾಳ ಮೊದಲೇ ಬೀಡುಬಿಟ್ಟಿರುತ್ತದೆ. ಮರದ ಪೊಟರೆಗೂ ಗೊರವಂಕ, ಹಾಲಕ್ಕಿ, ಅಳಿಲು, ತುಡುವೆ ಜೇನು, ಹೀಗೆ ಹಕ್ಕುದಾರರು ಬಹಳ. ಡಿಸೆಂಬರು ಜನವರಿಗಳಲ್ಲಿ ಒಂದೊಂದು ತೂತಿನ ಮುಂದೆ ನಡೆಯುವ ಜಗಳವನ್ನು ಕಂಡರೆ ಬೆಂಗಳೂರಿನಲ್ಲಿ ಬಾಡಿಗೆಮನೆ ಹುಡುಕಿದವರಿಗೆ ನಗುವೂ ಬರಬಹುದು, ಕನಿಕರವೂ ಬರಬಹುದು.

ಮನೆ ಸಿಕ್ಕಿತೆನ್ನಿ. ಹೆಣ್ಣು ಪೊಟರೆಯ ಬಾಯಲ್ಲಿ ಕುಳಿತಿರುವುದು. ಗಂಡು ಪಕ್ಕದಲ್ಲಿ ಬಂದು, ಒಂದು ಕಾಲೆತ್ತಿ, ಮೈ ನಿಗುರಿಸಿ, ತೂಗಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ತುತ್ತು ಕೊಡುವುದು. ಈ ದಾಂಪತ್ಯದಲ್ಲಿ ಯಜಮಾನಿಕೆ ಹೆಣ್ಣಿನದೇ. ಪೊಟರೆಗೆ ಹಾಸಿಗೆ ಹೊದಿಕೆ ಏನೂ ಇಲ್ಲ. ಮರದ ಪುಡಿಯ ಮೇಲೆಯೇ ೩ರಿಂದ ೫ ಬಿಳಿಯ ಮೊಟ್ಟೆ. ಕಾವು ಕೂರುವುದು ಹೆಣ್ಣು, ಊಟ ತರುವುದು ಗಂಡು. ಸುಮಾರು ೨೩ ದಿನಕ್ಕೆ ಮರಿ ಹೊರಬರುವುದು. ಆಗ ಅದಕ್ಕೆ ಕಣ್ಣೂ ಇಲ್ಲ, ಗರಿಯೂ ಇಲ್ಲ. ಆಮೇಲೆ ಏಳು ವಾರಗಳ ಕಾಲ ಅದು ಆ ಕತ್ತಲಲ್ಲೇ ಬೆಳೆಯಬೇಕು. ಅಂದರೆ ಮೊಟ್ಟೆಯಿಂದ ಹಾರಾಟದವರೆಗೆ ಹತ್ತು ವಾರ ಒಂದೇ ಕೊಂಬೆಯ ಒಂದೇ ತೂತು ಭದ್ರವಾಗಿರಬೇಕು. ಜನವರಿಯಿಂದ ಏಪ್ರಿಲ್‌ವರೆಗಿನ ಈ ಕಾಲದಲ್ಲಿಯೇ ನಗರದಲ್ಲಿ ಮಳೆಗಾಲಕ್ಕೆ ಮುಂಚಿತವಾಗಿ ಒಣಕೊಂಬೆಗಳನ್ನು ಕತ್ತರಿಸುವ ಕೆಲಸ ಪ್ರಾರಂಭವಾಗುವುದು! ದಾರಿಹೋಕರ ತಲೆ ಉಳಿಯಬೇಕಾದುದು ನ್ಯಾಯವೇ. ಆದರೆ ಕತ್ತರಿಸುವವನ ಕಣ್ಣಿಗೆ ಕೆಲಸಕ್ಕೆ ಬಾರದ್ದಾಗಿ ಕಾಣುವ ಒಣಗಿದ, ಟೊಳ್ಳಾದ ಕೊಂಬೆಯೇ ಗಿಳಿಯ ಲೆಕ್ಕದಲ್ಲಿ ಆ ಮರದ ಅತ್ಯಂತ ಬೆಲೆಯುಳ್ಳ ಭಾಗ.

ನಮ್ಮ ಸಾಹಿತ್ಯ ವಿದ್ಯಾರ್ಥಿಗಳಿಗೆ ಇಲ್ಲಿ ಕಾದಂಬರಿಯ ನೆನಪಾಗದೆ ಇರದು. ಬಾಣಭಟ್ಟನ ಆ ಕಥೆಯನ್ನು ಹೇಳುವ ವೈಶಂಪಾಯನನೆಂಬ ಗಿಳಿ ಹುಟ್ಟಿದ್ದು ಪಂಪಾಸರೋವರದ ದಡದ ಮುದಿ ಬೂರುಗದ ಮರದ ಪೊಟರೆಯಲ್ಲಿ. ಮುದುಕ ಶಬರನೊಬ್ಬ ಆ ಮರ ಹತ್ತಿ ಪೊಟರೆ ಪೊಟರೆಗೆ ಕೈಹಾಕಿ ಗಿಳಿಗಳನ್ನು ಎಳೆದು ಕೊಂದು ಕೆಡವುವನು. ಒಂದು ಮರಿ ಮಾತ್ರ ಒಣಗಿದೆಲೆಗಳ ಮೇಲೆ ಬಿದ್ದು ಉಳಿಯುವುದು. ನಮ್ಮ ನಾಗವರ್ಮನು ಇದನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ಗಿಳಿ ಮಾತಾಡಿ ಕಥೆ ಹೇಳುವುದು ಕವಿಕಲ್ಪನೆಯಿರಬಹುದು. ಮರ, ಪೊಟರೆ, ಹತ್ತುವವನ ಕೈ, ಇವು ಮೂರೂ ಕಣ್ಣಾರೆ ಕಂಡು ಬರೆದ ಪ್ರಾಣಿಶಾಸ್ತ್ರವೇ ಸರಿ.

ಆ ಕೈ ಇನ್ನೂ ನಿಂತಿಲ್ಲ. ಇಂದಿನ ಶಬರನು ಕೊಲ್ಲುವುದಿಲ್ಲ, ಮಾರುತ್ತಾನೆ. ಪಂಜರದಲ್ಲಿ ಮಾತು ಕಲಿಯಬೇಕಾದರೆ ಮರಿ ಎಳೆಯದಾಗಿರಬೇಕು. ಆದ್ದರಿಂದ ಹಾರುವ ಗಿಳಿಯನ್ನು ಹಿಡಿಯುವ ಬದಲು ಪೊಟರೆಯಿಂದ ಮರಿಯನ್ನೇ ತೆಗೆಯುವರು. ತೂತು ಕಿರಿದಾಗಿ ಕೈ ಹೋಗದಿದ್ದರೆ ಕತ್ತಿಯಿಂದ ಅಗಲಿಸುವುದುಂಟು. ಹಾಗೆ ಅಗಲಿಸಿದ ಪೊಟರೆ ಮುಂದಿನ ವರ್ಷ ಯಾವ ಗಿಳಿಗೂ ಒಗ್ಗದೆ ಹೋಗಬಹುದು. ಮರಿ ಹೋದರೆ ಒಂದು ವರ್ಷದ ನಷ್ಟ, ಪೊಟರೆ ಕೆಟ್ಟರೆ ಹಲವು ವರ್ಷಗಳ ನಷ್ಟ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ರಕ್ಷಿತ ಪಕ್ಷಿ. ೧೯೯೧ರಿಂದೀಚೆಗೆ ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರ ಪೂರ್ತಿಯಾಗಿ ನಿಷಿದ್ಧ. ಗಿಳಿಯನ್ನು ಪಂಜರದಲ್ಲಿಟ್ಟುಕೊಳ್ಳುವುದೂ ಅಪರಾಧವೇ. ಆದರೂ ಅಜ್ಜಿ ಸಾಕಿದ್ದ ಗಿಣಿರಾಮನ ಕಥೆಯನ್ನು ಹೇಳುವಾಗ ನಮ್ಮಲ್ಲಿ ಯಾರಿಗೂ ಕಳವಿನ ವಿಷಯ ಹೇಳುತ್ತಿದ್ದೇವೆ ಎಂಬ ಭಾವನೆ ಬರುವುದಿಲ್ಲ. ಹಾಲು ಅನ್ನ ಕೊಟ್ಟು ಸಾಕಿದ ಕೈಯಲ್ಲಿ ಪ್ರೀತಿಯಿತ್ತು, ನಿಜ. ಆ ಪ್ರೀತಿಗೆ ಬೇಕಾದ ಮರಿ ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ.

ಇನ್ನು ಮರಗಳಿಗೆ ಬರೋಣ. ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಪಾಳೆಯವನ್ನು ಎತ್ತಿ ಹಲಸೂರಿನ ಬಳಿ ದಂಡನ್ನು ಸ್ಥಾಪಿಸಿದ್ದು ೧೮೦೯ರಲ್ಲಿ. ಅಗಲವಾದ ಬೀದಿಗಳು, ದೊಡ್ಡ ದೊಡ್ಡ ತೋಟದ ಬಂಗಲೆಗಳು, ಕವಾಯತು ಮೈದಾನಗಳು ಬಂದವು. ಅಮೆರಿಕ ಖಂಡದ ಉಷ್ಣವಲಯದಿಂದ ತಂದ ಮಳೆಮರ ಬೀದಿಗಳ ಎರಡೂ ಕಡೆ ಕೊಡೆ ಹಿಡಿಯಿತು. ೧೯೦೮ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು ಒಂದರ ಹೂವು ಮುಗಿಯುವ ಹೊತ್ತಿಗೆ ಇನ್ನೊಂದರ ಹೂವು ಅರಳುವಂತೆ ಮರಗಳನ್ನು ಆರಿಸಿ ಊರಿನ ಬೀದಿಗಳಿಗೆ ಬಣ್ಣ ಕೊಟ್ಟರು. ಅವರು ಮನುಷ್ಯರ ಕಣ್ಣಿಗಾಗಿ ನೆಡಿಸಿದ ಮರಗಳೇ ಮುಪ್ಪಾಗಿ ಗಿಳಿಗೆ ಕೇರಿಗಳಾದವು. ಮಳೆಮರದ ಕೊಂಬೆ ಮುರಿಯುವುದೂ ಬೇಗ, ಗುಲ್‌ಮೊಹರಿನ ಕಾಂಡ ಕೊಳೆಯುವುದೂ ಬೇಗ. ಎಂಜಿನಿಯರರು ಇವನ್ನು ದೋಷವೆನ್ನುವರು. ಗಿಳಿಯನ್ನು ಕೇಳಿದರೆ ಬೇರೆ ಮಾತು ಹೇಳೀತು.

೧೯೪೯ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಬಂಗಲೆಗಳ ತೋಟಗಳು ತುಂಡು ತುಂಡಾಗಿ ಮಹಡಿಮನೆಗಳಾದವು. ಮಹಾತ್ಮ ಗಾಂಧಿ ರಸ್ತೆಯ ನೆರಳಿನ ಕಾಲುದಾರಿಯೂ, ಇಂದಿರಾನಗರದ ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ಮರಗಳೂ ೨೦೧೧ರಲ್ಲಿ ಓಡಲಾರಂಭಿಸಿದ ಮೆಟ್ರೋ ರೈಲಿಗೆ ಎಡೆಗೊಟ್ಟವು. ಆ ಹಳಿ ೨೦೨೩ರಲ್ಲಿ ಕೃಷ್ಣರಾಜಪುರವನ್ನು ದಾಟಿತು. ದಂಡು ನಿಲ್ದಾಣದ ಪಕ್ಕದ ರೈಲ್ವೆ ಕಾಲೋನಿಯ ನೂರಾರು ಮರಗಳ ಪ್ರಶ್ನೆ ೨೦೨೫ರಲ್ಲಿ ಪತ್ರಿಕೆಗಳಲ್ಲಿ ಬಿಸಿಯಾಗಿ ಚರ್ಚೆಯಾದುದನ್ನು ವಾಚಕರು ಬಲ್ಲರು. ರೈಲು ಬೇಡವೆನ್ನುವ ಧೈರ್ಯ ನನಗಿಲ್ಲ. ಕಾಲೇಜಿಗೆ ಬರುವುದು ಅದರಲ್ಲಿಯೇ. ಆದರೆ ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಎಂಬ ಭರವಸೆಯನ್ನು ಗಿಳಿಯ ಗಣಿತದಲ್ಲಿ ಪರೀಕ್ಷಿಸಿ ನೋಡಬೇಕು. ಹತ್ತು ಸಸಿಯಲ್ಲಿರುವ ಪೊಟರೆಗಳ ಸಂಖ್ಯೆ ಸೊನ್ನೆ. ಐವತ್ತು ವರ್ಷ ಅವನ್ನು ಕಡಿಯದೆ ಬಿಟ್ಟರೆ ಒಂದೆರಡು ಆದೀತು. ಹಲಸೂರು ಕೆರೆಯ ಬದಿಯ ಸೈನ್ಯದ ಆವರಣಗಳಲ್ಲಿ, ಹಳೆಯ ಚರ್ಚುಗಳ ಅಂಗಳದಲ್ಲಿ, ಸ್ಮಶಾನಗಳಲ್ಲಿ ಮುದಿಮರಗಳು ಉಳಿದಿವೆ. ಯುದ್ಧಕ್ಕೂ ಮರಣಕ್ಕೂ ಮೀಸಲಾದ ಜಾಗಗಳಲ್ಲಿ ಗಿಳಿಯ ಬಾಣಂತಿತನ ನಡೆಯುತ್ತದೆಂಬುದು ವಿಚಿತ್ರವಾದರೂ ನಿಜ.

ಪೊಟರೆಯೇ ಈ ಹಕ್ಕಿಯ ಕೀಲಿಕೈ ಎಂಬುದಕ್ಕೆ ಸಾಕ್ಷಿ ಬೇಕಾದರೆ ದೂರದೇಶಗಳನ್ನು ನೋಡಬಹುದು. ಪಂಜರದಿಂದ ತಪ್ಪಿಸಿಕೊಂಡ, ಬಿಟ್ಟುಬಿಟ್ಟ ಗಿಳಿಗಳು ೧೯೭೦ರ ದಶಕದಿಂದ ಲಂಡನ್ನಿನ ಉದ್ಯಾನಗಳಲ್ಲಿ ನೆಲೆಯೂರಿ ಹಿಮಕ್ಕೂ ಅಂಜದೆ ಸಾವಿರಗಟ್ಟಲೆ ಹೆಚ್ಚಿವೆ. ೧೯೭೪ರಲ್ಲಿ ಬ್ರಸೆಲ್ಸಿನ ಒಂದು ವಿನೋದೋದ್ಯಾನದಿಂದ ಸುಮಾರು ೪೦ ಗಿಳಿಗಳನ್ನು ಹೊರಬಿಟ್ಟರು. ಅಲ್ಲೂ ಈಗ ಸಾವಿರಾರು. ಇವುಗಳ ರಕ್ತಸಂಬಂಧವನ್ನು ಪರೀಕ್ಷಿಸಿದ ವಿಜ್ಞಾನಿಗಳು ಹೆಚ್ಚಿನವು ಪಾಕಿಸ್ತಾನ ಹಾಗೂ ಉತ್ತರ ಭಾರತದ ಕಡೆಯ ಸಂತತಿಯೆಂದು ೨೦೧೫ರಲ್ಲಿ ಪ್ರಕಟಿಸಿದರು. ಅಂದಮೇಲೆ ಅವು ನಮ್ಮ ಹಲಸೂರಿನವಲ್ಲ, ಉತ್ತರದ ದಾಯಾದಿಗಳು. ಅಲ್ಲಿ ಅವುಗಳ ಮೇಲೆ ಬಂದಿರುವ ದೂರು ಅನ್ನದ್ದಕ್ಕಿಂತ ಮನೆಯದು. ಬೆಲ್ಜಿಯಂನಲ್ಲಿ ಪುಟ್ಟ ಹಕ್ಕಿಯೊಂದರ ಪೊಟರೆಗಳನ್ನು ಕಸಿದುಕೊಳ್ಳುತ್ತವೆಂದು ಕಂಡುಬಂತು. ಸ್ಪೇನಿನ ಸೆವಿಲ್ ನಗರದ ಉದ್ಯಾನದಲ್ಲಿ ದೊಡ್ಡ ಬಾವಲಿಗಳನ್ನು ಪೊಟರೆಗಳಿಂದ ಅಟ್ಟಿ ಕಚ್ಚಿ ಕೊಂದ ಸಂಗತಿ ೨೦೧೮ರಲ್ಲಿ ವರದಿಯಾಯಿತು. ಮಾರಿಷಸ್ ದ್ವೀಪದ್ದೇ ಆದ ಗಿಳಿ, ಕಾಡು ಕಡಿದು ಪೊಟರೆ ಕಡಿಮೆಯಾಗಿ, ಇದ್ದುದಕ್ಕೂ ವಲಸೆ ಬಂದ ನಮ್ಮ ಗಿಳಿ ಪೈಪೋಟಿಗಿಳಿದು, ೧೯೮೦ರ ದಶಕದಲ್ಲಿ ಹತ್ತರ ಸಂಖ್ಯೆಗೆ ಇಳಿದಿತ್ತು. ಮರದ ಪೆಟ್ಟಿಗೆಗಳನ್ನು ಕೊಂಬೆಗೆ ಕಟ್ಟಿ, ಮರಿಗಳನ್ನು ಕೈಯಾರೆ ಸಲಹಿ ಅದನ್ನು ಮತ್ತೆ ನೂರುಗಳಿಗೆ ಏರಿಸಿದರು. ತವರಿನಲ್ಲಿ ಮರಿ ಕಳೆದುಕೊಳ್ಳುವ ಹಕ್ಕಿಯೇ ಪರದೇಶದಲ್ಲಿ ಒಕ್ಕಲೆಬ್ಬಿಸುವ ಜಮೀನ್ದಾರನಾಯಿತು!

ಸಂಜೆ ಹಲಸೂರು ಕೆರೆಯ ಕಡೆಗೆ ಹೋದವರು, 'ಎಷ್ಟೊಂದು ಗಿಳಿಗಳು! ಇವಕ್ಕೇನು ಕಡಿಮೆಯಾಗಿದೆ?' ಎಂದು ಕೇಳಬಹುದು. ಈ ಪ್ರಶ್ನೆಯಲ್ಲೊಂದು ಮೋಸವಿದೆ. ಗಿಳಿಗಳು ಹಗಲೆಲ್ಲ ಚೆದುರಿದ್ದು ರಾತ್ರಿ ತಂಗಲು ಒಂದೆರಡು ಮರಗಳಿಗೆ ಬಂದು ಸೇರುವ ಹಕ್ಕಿಗಳು. ಮೈಲಿಗಟ್ಟಲೆ ಸುತ್ತಿನ ಗಿಳಿಗಳೆಲ್ಲ ಅಲ್ಲಿ ಒಟ್ಟಿಗೆ ಕಾಣುವುವು. ಅವುಗಳ ಆಯುಸ್ಸೂ ದೊಡ್ಡದು. ಪಂಜರದಲ್ಲಿ ಇಪ್ಪತ್ತು ವರ್ಷ ಮೀರಿ ಬದುಕಿದವುಂಟು. ಒಂದು ಬೀದಿಯಲ್ಲಿ ಪೊಟರೆಗಳೆಲ್ಲ ಹೋಗಿ ವರ್ಷಗಟ್ಟಲೆ ಒಂದು ಮರಿಯೂ ಹಾರದಿದ್ದರೂ ಮೊದಲಿದ್ದ ಗಿಳಿಗಳೇ ಸಂಜೆ ಸಂಜೆಗೂ ಕಿರುಚಿಕೊಂಡು ಬರುತ್ತಿರಬಹುದು. ಗದ್ದಲ ಅಷ್ಟೇ ಇರುವುದು. ಉಂಗುರವಿಲ್ಲದವು ಮರಿಗಳೆಂದು ಎಣಿಸೋಣವೆಂದರೆ ಹೆಣ್ಣುಗಳಿಗೂ ಉಂಗುರವಿಲ್ಲ. ಎಣಿಸಬೇಕಾದುದು ಹಾರುವ ಗಿಳಿಗಳನ್ನಲ್ಲ, ಮರಿಯಿರುವ ಪೊಟರೆಗಳನ್ನು.

ಅದಕ್ಕೆ ದೂರದರ್ಶಕವೂ ಬೇಕಾಗಿಲ್ಲ. ಜನವರಿ ಫೆಬ್ರವರಿಗಳಲ್ಲಿ ಕಾಲೇಜಿಗೆ ಬರುವ ದಾರಿಯ ಹಳೆಯ ಮರಗಳ ಒಣಕೊಂಬೆಗಳನ್ನು ಕತ್ತೆತ್ತಿ ನೋಡಿದರೆ ಸಾಕು. ಪಾಳುಬಿದ್ದ ತೂತಿನ ಅಂಚು ಕೊಂಬೆಯಂತೆಯೇ ಕಪ್ಪಾಗಿ ಮಾಸಿರುವುದು. ಗಿಳಿ ಹಿಡಿದ ತೂತಿನ ಅಂಚನ್ನು ಕೊಕ್ಕಿನಿಂದ ಕಡಿದಿರುವುದರಿಂದ ಹೊಸ ಮರದ ತಿಳಿಬಣ್ಣ ಸುತ್ತಲೂ ಬಳೆಯಂತೆ ಕಾಣುವುದು. ಸ್ವಲ್ಪ ಹೊತ್ತು ನಿಂತರೆ ಕೆಂಪು ಕೊಕ್ಕೂ ಒಂದು ಕಣ್ಣೂ ಹೊರಗೆ ಬರುವುವು. ಅಂಥ ಮರದ ಕೆಳಗೆ ಏಣಿ, ಗರಗಸಗಳು ಬಂದು ನಿಂತಿದ್ದರೆ ಕೊಂಬೆಯನ್ನು ಮೇ ತಿಂಗಳವರೆಗೆ ಬಿಡಲಾದೀತೆ ಎಂದು ಕೇಳಬಹುದು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಮರ ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿಗೆ ಒಂದು ಅರ್ಜಿಯನ್ನೂ ಬರೆಯಬಹುದು. ಅರ್ಜಿಯಲ್ಲಿ ಮರದ ಹೆಸರು, ಬೀದಿ, ತೂತು ನೆಲದಿಂದ ಎಷ್ಟು ಅಡಿ ಎತ್ತರದಲ್ಲಿದೆ, ಗಿಳಿಯನ್ನು ಯಾವ ದಿನ ಕಂಡದ್ದು ಎಂಬ ನಾಲ್ಕು ವಿವರಗಳಿದ್ದರೆ ಒಳ್ಳೆಯದು.